ಜೋಳದ ಬೂಷ್ಟು, ಬೂಷ್ಟಿನ ವಿಷ

1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಹಲವು ಹಳ್ಳಿಗಳಲ್ಲಿ ಸುಗ್ಗಿಯ ಹೊತ್ತಿಗೆ ಮಳೆ ಹಿಡಿದುಕೊಂಡಿತು. ಜೋಳ, ಮೆಕ್ಕೆಜೋಳದ ತೆನೆಗಳು ನೆನೆದು ಬೂಷ್ಟು ಹಿಡಿದವು. ಬೇರೆ ಕಾಳು ಕೊಳ್ಳಲಾಗದ ಬಡ ಮನೆಗಳವರು ಅದನ್ನೇ ಬೀಸಿ ರೊಟ್ಟಿ ಮಾಡಿಕೊಂಡರು. ಉಂಡು ಅರ್ಧ ತಾಸೋ ಒಂದು ತಾಸೋ ಕಳೆಯುವುದರೊಳಗೆ ಹೊಟ್ಟೆನೋವು, ಹೊಟ್ಟೆಯೊಳಗೆ ಗುಡುಗುಡು ಸದ್ದು, ಭೇದಿ. ಆ ರೊಟ್ಟಿ ಬಿಟ್ಟವರು ಚೇತರಿಸಿಕೊಂಡರು, ಯಾರೂ ಸಾಯಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ರಮೇಶ್ ಭಟ್ ಮತ್ತು ಸಂಗಡಿಗರು 50 ಹಳ್ಳಿಗಳಲ್ಲಿ ವಿಚಾರಿಸಿದಾಗ 27ರಲ್ಲಿ ಈ ಕಾಯಿಲೆ ಕಂಡಿತು. ರೋಗ ಬಂದ ಮನೆಗಳ ಕಾಳನ್ನು ಪ್ರಯೋಗಾಲಯಕ್ಕೆ ಒಯ್ದರು. ಜೋಳದಲ್ಲಿ ಕೆಜಿಗೆ 7.8 ಮಿಲಿಗ್ರಾಂವರೆಗೆ, ಮೆಕ್ಕೆಜೋಳದಲ್ಲಿ 64.7 ಮಿಲಿಗ್ರಾಂವರೆಗೆ ಫ್ಯುಮೋನಿಸಿನ್ ಬಿ1 ಎಂಬ ವಿಷ ಸಿಕ್ಕಿತು. ಅದೇ ಕಾಳು ತಿಂದ ಕೋಳಿಮರಿಗಳಿಗೂ ಭೇದಿಯಾಯಿತು.

ರೊಟ್ಟಿಯೇ ಊಟವಾದ ಕಲಬುರಗಿ ಸೀಮೆಗೆ ಇದು ದೂರದ ಸುದ್ದಿಯಲ್ಲ. ಎರೆ ನೆಲದ ಹಸಿಯನ್ನೇ ಕುಡಿದು ಬೆಳೆದು ಚಳಿಗಾಲದ ಒಣ ಹವೆಯಲ್ಲಿ ಮಾಗುವ ಹಿಂಗಾರಿ ಜೋಳ ಸಾಮಾನ್ಯವಾಗಿ ಬೆಳ್ಳಗೆ, ಚೊಕ್ಕಟವಾಗಿ ಬರುತ್ತದೆ. ತೊಂದರೆ ಮುಂಗಾರಿಯದು. ಅದರ ತೆನೆ ಬಲಿಯುವಾಗಲೇ ಮಳೆ ಹೊಡೆಯುವ ಸಂಭವ ಹೆಚ್ಚು. ಆಗ ಒಂದೇ ತೆನೆಯ ಮೇಲೆ ನಾಲ್ಕೈದು ಜಾತಿಯ ಶಿಲೀಂಧ್ರಗಳು ಮನೆ ಮಾಡುತ್ತವೆ.

ಕಣ್ಣು ಇಲ್ಲಿ ಮೋಸ ಹೋಗುತ್ತದೆ. ಕಾಳನ್ನು ಕಪ್ಪಗೆ, ಅಸಹ್ಯವಾಗಿ ಮಾಡುವುದು ಬಹುಮಟ್ಟಿಗೆ ಕರ್ವುಲೇರಿಯಾ. ಫ್ಯುಮೋನಿಸಿನ್ ತಯಾರಿಸುವ ಫ್ಯುಸೇರಿಯಂ ಬಿಳಿಯಾಗಿ, ಇಲ್ಲವೇ ನಸುಗುಲಾಬಿಯಾಗಿ ಕೂತಿರುತ್ತದೆ. ನೋಡಲು ಕೆಟ್ಟ ಕಾಳೇ ಹೆಚ್ಚು ವಿಷದ್ದು ಎಂದು ಆರಿಸಿ ಎಸೆದರೆ ಅಪರಾಧಿ ಮೊರದಲ್ಲೇ ಉಳಿಯಬಹುದು.

ಶೇಂಗಾದ ಕಥೆ ಇನ್ನೂ ಹಳೆಯದು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತವು. ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಬೆಳೆದಿತ್ತು. ಅದರ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಯಕೃತ್ತಿನ ಕ್ಯಾನ್ಸರಿಗೆ ಕಾರಣವೆಂದು ಸಾಬೀತಾಗಿರುವ ವಸ್ತು ಅದು. ಭಾರತದಲ್ಲಿ 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಬುಡಕಟ್ಟು ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ಉಂಡ 106 ಜನ ಅದರಿಂದ ಸತ್ತರು. ಹಂಚಿನ ಮೇಲೆ ರೊಟ್ಟಿ ಎಷ್ಟು ಚೆನ್ನಾಗಿ ಬೆಂದರೂ ಈ ವಿಷ ಪೂರ್ತಿ ಸಾಯುವುದಿಲ್ಲ.

ಪ್ರಯೋಗಾಲಯಕ್ಕೆ ಬಂದ ಕಾಳಿಗೆ ಕೇಳುವ ಪ್ರಶ್ನೆಗಳು ಎರಡು. ಯಾವ ಬೂಷ್ಟು ಇದೆ? ಅದು ವಿಷ ಮಾಡಿದೆಯೇ, ಮಾಡಿದ್ದರೆ ಎಷ್ಟು? ಒಂದರ ಉತ್ತರ ಇನ್ನೊಂದಕ್ಕೆ ಸಲ್ಲುವುದಿಲ್ಲ. ಫ್ಲೇವಸ್ ಜಾತಿಯಲ್ಲೇ ವಿಷ ಮಾಡದ ತಳಿಗಳು ಬೇಕಾದಷ್ಟಿವೆ. ಎಣ್ಣೆ ಗಾಣದ ಬಿಸಿಗೆ ಬೂಷ್ಟು ಸತ್ತು ವಿಷ ಮಾತ್ರ ಹಿಂಡಿಯಲ್ಲಿ ಉಳಿದಿರುವುದೂ ಉಂಟು.

ಮೊದಲ ಪ್ರಶ್ನೆಗೆ ಕಾಳನ್ನು ಪೋಷಕ ಜೆಲ್ ತುಂಬಿದ ತಟ್ಟೆಯಲ್ಲಿಟ್ಟು ಬೂಷ್ಟು ಬೆಳೆಸುತ್ತಾರೆ. ಎಎಫ್‌ಪಿಎ ಎಂಬ ಒಂದು ಜೆಲ್‌ನಲ್ಲಿ ಕಬ್ಬಿಣದ ಲವಣವಿರುತ್ತದೆ. ಫ್ಲೇವಸ್ ಬೆಳೆದರೆ ಎರಡು ದಿನದೊಳಗೆ ತಟ್ಟೆಯ ತಳ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಆದರೆ ಆ ಬಣ್ಣ ಜಾತಿಯನ್ನು ಹೇಳುತ್ತದೆ, ವಿಷವನ್ನಲ್ಲ. ಅದಕ್ಕೆ ತೆಂಗಿನಕಾಯಿಯ ಜೆಲ್ ಉಂಟು. ವಿಷ ಮಾಡುವ ತಳಿಯನ್ನು ಅದರ ಮೇಲೆ ಬೆಳೆಸಿ ನೇರಳಾತೀತ ದೀಪದಡಿ ಹಿಡಿದರೆ ಸುತ್ತ ನೀಲಿ ಹೊಳಪು ಕಾಣುತ್ತದೆ. ಇನ್ನೂ ಅಗ್ಗದ ಉಪಾಯವೆಂದರೆ ತಟ್ಟೆಯನ್ನು ತಲೆಕೆಳಗು ಮಾಡಿ ಮುಚ್ಚಳಕ್ಕೆ ಒಂದೆರಡು ಹನಿ ಅಮೋನಿಯಾ ಬಿಡುವುದು. ವಿಷದ ತಳಿಯ ತಳಭಾಗ ಗುಲಾಬಿಗೆ ತಿರುಗುತ್ತದೆ. ಯಾವ ಕಾಲೇಜಿನ ಪ್ರಯೋಗಾಲಯದಲ್ಲೂ ಮಾಡಬಹುದಾದ ಕೆಲಸವಿದು.

ಪಿಸಿಆರ್ ಇನ್ನೂ ಬೇಗ ಉತ್ತರ ಕೊಡುತ್ತದೆ. ವಿಷ ತಯಾರಿಸುವ ಜೀನ್ ಕಾಳಿನ ಮೇಲಿನ ಬೂಷ್ಟಿನಲ್ಲಿ ಇದೆಯೇ ಎಂದು ಅದು ನೇರವಾಗಿ ಹುಡುಕುತ್ತದೆ. ಅಷ್ಟಕ್ಕೇ ತೀರ್ಪು ಕೊಡುವಂತಿಲ್ಲ: ಜೀನ್ ಇದ್ದ ಮಾತ್ರಕ್ಕೆ ಈ ಕಾಳಿನಲ್ಲಿ ಅದು ಕೆಲಸ ಮಾಡಿದೆ ಎಂದಾಗದು.

ಎರಡನೆಯ ಪ್ರಶ್ನೆಗೆ ವಿಷವನ್ನೇ ಅಳೆಯಬೇಕು. ಕಾಳಿನಲ್ಲಿ ಭಾರತದ ಕಾನೂನು ಒಪ್ಪುವ ಒಟ್ಟು ಅಫ್ಲಾಟಾಕ್ಸಿನ್ ಕೆಜಿಗೆ 15 ಮೈಕ್ರೊಗ್ರಾಂ. ಲೆಕ್ಕ ಹಾಕಿದರೆ ಒಂದು ಕ್ವಿಂಟಲ್ ಚೀಲಕ್ಕೆ ಒಂದೂವರೆ ಮಿಲಿಗ್ರಾಂ, ಅಂದರೆ ಒಂದೇ ಒಂದು ಜೋಳದ ಕಾಳಿನ ತೂಕದಲ್ಲಿ ಸುಮಾರು ಇಪ್ಪತ್ತರಲ್ಲಿ ಒಂದು ಪಾಲು.

ಕಾಳನ್ನು ಹಿಟ್ಟು ಮಾಡಿ, ಮೆಥನಾಲ್ ಮತ್ತು ನೀರು ಬೆರೆಸಿ ಕಲಕಿ ಸೋಸಿದರೆ ವಿಷ ಆ ದ್ರವಕ್ಕೆ ಇಳಿಯುತ್ತದೆ. ಹಿಂದಿನವರು ಅದರ ಒಂದು ಹನಿಯನ್ನು ಸಿಲಿಕಾ ಲೇಪಿಸಿದ ಗಾಜಿನ ಮೇಲೆ ಓಡಿಸಿ, ನೇರಳಾತೀತ ದೀಪದಡಿ ನೀಲಿ ಮತ್ತು ಹಸಿರು ಚುಕ್ಕೆ ಹುಡುಕುತ್ತಿದ್ದರು. ಈಗ ಎಲೈಸಾ ಹೆಚ್ಚು ಬಳಕೆಯಲ್ಲಿದೆ. 96 ಗುಳಿಗಳ ಪ್ಲಾಸ್ಟಿಕ್ ತಟ್ಟೆಯಲ್ಲಿ ವಿಷವನ್ನು ಹಿಡಿಯುವ ಪ್ರತಿಕಾಯಗಳಿರುತ್ತವೆ. ಇದರ ಬಣ್ಣ ಮಾತ್ರ ಉಲ್ಟಾ: ವಿಷ ಹೆಚ್ಚಿದ್ದಷ್ಟೂ ಗುಳಿ ತಿಳಿಯಾಗುತ್ತದೆ. ಈ ಪರೀಕ್ಷೆ ಅಗ್ಗವಾದ ಜಾಗ ನಮಗೆ ದೂರವೇನಲ್ಲ. ಕಲಬುರಗಿಯಿಂದ ಕಮಲಾಪುರದ ಮೇಲೆ ಹುಮನಾಬಾದಿಗೆ ಹೋಗಿ ಹೈದರಾಬಾದ್ ಹೆದ್ದಾರಿ ಹಿಡಿದರೆ ದಾರಿಯಲ್ಲೇ ಸಿಗುತ್ತದೆ ಪಟಾನ್‌ಚೆರು. 1972ರಲ್ಲಿ ಅಲ್ಲಿ ಶುರುವಾದ ಇಕ್ರಿಸ್ಯಾಟ್ ಎಂಬ ಬೆಳೆ ಸಂಶೋಧನಾ ಸಂಸ್ಥೆಯ ಬೆಳೆಗಳ ಪಟ್ಟಿ ಕಲಬುರಗಿ ರೈತರ ಹೊಲದಂತೆಯೇ ಇದೆ: ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ. ಅಫ್ಲಾಟಾಕ್ಸಿನ್ನಿಗೆ ಪ್ರತಿಕಾಯಗಳನ್ನು ತಾನೇ ತಯಾರಿಸಿ ಎಲೈಸಾದ ಖರ್ಚನ್ನು ಇಳಿಸಿದ್ದು ಇದೇ ಸಂಸ್ಥೆ.

ಕೋರ್ಟು, ರಫ್ತು ಎಂದಾಗ ಎಲೈಸಾ ಸಾಲದು; ವಿಷವನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಅಥವಾ ಮಾಸ್ ಸ್ಪೆಕ್ಟ್ರೋಮೀಟರ್ ಬೇಕು. ಫ್ಯುಮೋನಿಸಿನ್ ವಿಷಯದಲ್ಲಂತೂ ಇನ್ನೊಂದು ತೊಡಕು. ಅದು ಅಫ್ಲಾಟಾಕ್ಸಿನ್ನಿನ ಹಾಗೆ ಹೊಳೆಯುವುದಿಲ್ಲ. ಹೊಳೆಯುವ ಇನ್ನೊಂದು ರಾಸಾಯನಿಕವನ್ನು ಅದಕ್ಕೆ ಅಂಟಿಸಿದ ಮೇಲೆಯೇ ಎಚ್‌ಪಿಎಲ್‌ಸಿಯ ದೀಪಕ್ಕೆ ಕಾಣುತ್ತದೆ. ಅದನ್ನು ಮೊದಲು ಬೇರ್ಪಡಿಸಿದ್ದು 1988ರಲ್ಲಿ, ದಕ್ಷಿಣ ಆಫ್ರಿಕದಲ್ಲಿ. ಅದಕ್ಕೂ ಮುಂಚೆ ಬೂಷ್ಟಿನ ಜೋಳ ಉಂಡು ಭೇದಿಯಾಗಿದ್ದರೆ ಈ ವಿಷದ ಮೇಲೆ ಯಾರಿಗೂ ಅನುಮಾನ ಬರುವಂತಿರಲಿಲ್ಲ.

ಯಂತ್ರಗಳು ಇಷ್ಟು ಸೂಕ್ಷ್ಮವಾಗಿದ್ದರೂ ವರದಿ ತಪ್ಪುವುದು ಹೆಚ್ಚಾಗಿ ಅವುಗಳಿಂದಲ್ಲ, ಚೀಲಕ್ಕೆ ಕೈ ಹಾಕಿದ ರೀತಿಯಿಂದ. ಬೂಷ್ಟು ರಾಶಿಯ ತುಂಬ ಸಮನಾಗಿ ಹರಡಿರುವುದಿಲ್ಲ. ಕೆಜಿಗೆ ಒಂದು ಗ್ರಾಂ ಮೀರುವ ಸಾಂದ್ರತೆಯ ಅಫ್ಲಾಟಾಕ್ಸಿನ್ ಒಂದೇ ಶೇಂಗಾ ಬೀಜದಲ್ಲಿ ಸಿಕ್ಕಿದ ದಾಖಲೆಯಿದೆ. ಅಂಥ ಅರ್ಧ ಗ್ರಾಂ ತೂಕದ ಒಂದು ಬೀಜ ಸಾಕು, 33 ಕೆಜಿ ಶೇಂಗಾವನ್ನು ಕಾನೂನಿನ ಮಿತಿಗೆ ಮುಟ್ಟಿಸಲು. ಆ ಬೀಜ ಬೊಗಸೆಯಲ್ಲಿ ಬಂದರೆ ಇಡೀ ಲಾಟು ಕೆಟ್ಟದ್ದು, ಬರದಿದ್ದರೆ ಒಳ್ಳೆಯದು! ನೆಲದಡಿಯ ಹಗೇವಿನಲ್ಲಿ ಇಟ್ಟ ಜೋಳವೂ ಹೀಗೆಯೇ. ನಡುವಿನ ಕಾಳು ವರ್ಷಗಟ್ಟಲೆ ಚೆನ್ನಾಗಿರುತ್ತದೆ, ಗೋಡೆಗೆ ತಗಲಿದ್ದು ಹಸಿ ಹೀರಿ ಕೆಡುತ್ತದೆ. ಬಾಯಿಂದ ಒಂದು ಸೇರು ತೆಗೆದು ಕಳಿಸಿದರೆ ಲಕ್ಷಗಟ್ಟಲೆ ಬೆಲೆಯ ಯಂತ್ರವೂ ಆ ಸೇರಿನ ವಿಷಯವನ್ನಷ್ಟೇ ಹೇಳೀತು.

ಇದೇ ಕಾರಣಕ್ಕೆ ಐರೋಪ್ಯ ಒಕ್ಕೂಟ ಶೇಂಗಾದ ದೊಡ್ಡ ಲಾಟಿನಲ್ಲಿ ನೂರು ಕಡೆಯಿಂದ ಒಟ್ಟು 20 ಕೆಜಿ ತೆಗೆದು, ಬೀಸಿ, ಬೆರೆಸಿ ಪರೀಕ್ಷಿಸುತ್ತದೆ. ನೇರ ತಿನ್ನುವ ಶೇಂಗಾಕ್ಕೆ ಅಲ್ಲಿನ ಮಿತಿ ಕೆಜಿಗೆ 4 ಮೈಕ್ರೊಗ್ರಾಂ. ಅಲ್ಲಿ ತಿರಸ್ಕಾರವಾದ ಲಾಟಿನ ಲೆಕ್ಕ ಸಿಗುತ್ತದೆ. ಇಲ್ಲಿ ಬೇಡವೆಂದು ಬೇರ್ಪಡಿಸಿದ ಕಾಳು, ಹಿಂಡಿ ಸಾಮಾನ್ಯವಾಗಿ ದನದ ಮುಂದೆ ಬೀಳುತ್ತದೆ, ಅದಕ್ಕೆ ರಸೀದಿಯಿಲ್ಲ. ಆಕಳು, ಎಮ್ಮೆಯ ಹೊಟ್ಟೆ ಸೇರಿದ ಅಫ್ಲಾಟಾಕ್ಸಿನ್ ಬಿ1ರಲ್ಲಿ ಒಂದು ಪಾಲು ಎಂ1 ಆಗಿ ಹಾಲಿಗೆ ಇಳಿಯುತ್ತದೆ. ಹಾಲಿನಲ್ಲಿ ಎಂ1ಕ್ಕೆ ಭಾರತದ ಮಿತಿ ಕೆಜಿಗೆ 0.5 ಮೈಕ್ರೊಗ್ರಾಂ, ಕಾಳಿನ ಮಿತಿಯ ಮೂವತ್ತರಲ್ಲಿ ಒಂದು ಪಾಲು. ಅದನ್ನು ಹುಡುಕಲು ಎಂ1ಕ್ಕೆಂದೇ ಬೇರೆ ಪ್ರತಿಕಾಯ ಬೇಕು. ಹಾಲಿನಲ್ಲಿ ಒಂದು ಅನುಕೂಲ ಮಾತ್ರ ಇದೆ: ಕ್ಯಾನಿನಲ್ಲಿ ಅದು ಸಮನಾಗಿ ಬೆರೆತಿರುವುದರಿಂದ ಒಂದು ಲೋಟ ತೆಗೆದರೂ ಮಾದರಿ ಸರಿಯಾಗಿಯೇ ಇರುತ್ತದೆ.