ಆಕಾಶದಲ್ಲಿ ‘ಹಲೋ’ ಏಕೆ ಬೇಡ?

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಓಡಾಡುವವರಿಗೆ ಪಕ್ಕದ ಸೀಟಿನವರ ಮನೆಯ ಸಮಾಚಾರವೆಲ್ಲ ಬಾಯಿಪಾಠ. ಮಗಳ ಮದುವೆ ಮಾತುಕತೆ, ಅಡಿಕೆ ಧಾರಣೆ, ಸಾಲದ ಕಂತು ಎಲ್ಲವೂ ಮೊಬೈಲಿನಲ್ಲಿ, ಗಟ್ಟಿಯಾಗಿ. ಇದೇ ಎರಡು ಊರುಗಳ ನಡುವಿನ ಸೋಗಾನೆ ವಿಮಾನ ನಿಲ್ದಾಣಕ್ಕೆ 2023ರ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ವಿಮಾನದಲ್ಲಿ ಮಾತ್ರ ಬೇರೆ ಕಾನೂನು: ಫೋನು ‘ಫ್ಲೈಟ್ ಮೋಡ್’ಗೆ ಹೋಗಬೇಕು. ಏಕೆಂದು ಕೇಳಿದರೆ ‘ಇಲ್ಲದಿದ್ದರೆ ವಿಮಾನ ಬೀಳುತ್ತದಂತೆ’ ಎನ್ನುವವರೇ ಹೆಚ್ಚು.

ಅದು ಪೂರ್ತಿ ನಿಜವಲ್ಲ. ಫೋನಿನ ತರಂಗಗಳಿಂದ ವಿಮಾನದ ಉಪಕರಣಗಳಿಗೆ ಅಡ್ಡಿಯಾಗಬಹುದೆಂಬ ಎಚ್ಚರಿಕೆ ಇದ್ದೇ ಇದೆ. ಆದರೆ ಅಮೆರಿಕದ ಸಂಪರ್ಕ ಆಯೋಗ 1991ರಲ್ಲಿ ನಿಷೇಧ ಹೇರಿದ್ದು ನೆಲದ ಮೇಲಿನ ಟವರುಗಳ ಸಲುವಾಗಿ. ಕೆಳಗೆ ಫೋನಿಗೆ ಗುಡ್ಡ, ಮರ, ಕಟ್ಟಡಗಳ ಮರೆಯುಂಟು. ಹತ್ತಿರದ ಕೆಲವು ಟವರುಗಳನ್ನಷ್ಟೇ ಅದು ಮುಟ್ಟುತ್ತದೆ. ಮೇಲೆ ಆ ಮರೆಯಿಲ್ಲ. ಒಂದೇ ಫೋನು ಏಕಕಾಲಕ್ಕೆ ದೂರದೂರದ ಹಲವು ಟವರುಗಳಿಗೆ ಕೇಳಿಸಿ, ಕೆಳಗಿನವರ ಮಾತಿಗೆ ತೊಡಕಾಗುತ್ತದೆ.

ಇದಕ್ಕೆ ಪರಿಹಾರ ಸಿಕ್ಕಿ ಬಹಳ ಕಾಲವಾಯಿತು. ವಿಮಾನದೊಳಗೇ ಪುಟ್ಟ ಟವರಿನಂಥ ಯಂತ್ರವಿಟ್ಟು ಕರೆಯನ್ನು ಉಪಗ್ರಹಕ್ಕೆ ದಾಟಿಸಿದರಾಯಿತು. ಎಮಿರೇಟ್ಸ್ ಸಂಸ್ಥೆ 2008ರಲ್ಲೇ ಹೀಗೆ ಕರೆಗೆ ಅವಕಾಶ ಕೊಟ್ಟಿತು. ಭಾರತವೂ 2018ರ ಡಿಸೆಂಬರಿನಲ್ಲಿ ನಿಯಮ ಹೊರಡಿಸಿ, 3,000 ಮೀಟರಿಗಿಂತ ಮೇಲೆ ಇಂಥ ಕರೆ ಮತ್ತು ಇಂಟರ್‌ನೆಟ್ ಸೇವೆಗೆ ದಾರಿ ಮಾಡಿತು.

ಸ್ವಾರಸ್ಯವಿರುವುದು ಇಲ್ಲಿಯೇ. ತಾಂತ್ರಿಕ ಅಡ್ಡಿ ಕಳೆದಂತೆ ನಿಷೇಧದ ಕೂಗು ಜೋರಾಯಿತು! 2013ರಲ್ಲಿ ಅಮೆರಿಕದ ಆಯೋಗ ನಿರ್ಬಂಧ ಸಡಿಲಿಸಲು ಹೊರಟಾಗ ಗಗನಸಖಿಯರ ಸಂಘಟನೆಗಳೇ ವಿರೋಧಿಸಿದವು. ಎದ್ದು ಹೋಗಲಾಗದ ಜಾಗದಲ್ಲಿ ಪರರ ಮಾತು ಕೇಳುತ್ತ ಕೂರುವುದು ಹೇಗೆ? ಜಗಳವಾದರೆ ಬಿಡಿಸುವವರು ಯಾರು? ಧ್ವನಿ ಕರೆ ನಿಷೇಧಿಸುವ ನಿಯಮ ರೂಪಿಸಬೇಕೆಂದು 2018ರಲ್ಲಿ ಅಲ್ಲಿನ ಕಾಯ್ದೆಯೇ ಹೇಳಿತು. 2020ರಲ್ಲಿ ಆಯೋಗ ತನ್ನ ಪ್ರಸ್ತಾವವನ್ನು ಕೈಬಿಟ್ಟಿತು.

ನಮ್ಮ ಬಸ್ಸಿಗೂ ಈ ವಾದ ಹೊಸದಲ್ಲ. ಬಸ್ಸಿನೊಳಗೆ ಮೊಬೈಲಿನಲ್ಲಿ ಜೋರಾಗಿ ಹಾಡು, ವಿಡಿಯೊ ಹಾಕುವುದಕ್ಕೆ ಕರ್ನಾಟಕ ಹೈಕೋರ್ಟ್ 2021ರ ನವೆಂಬರಿನಲ್ಲಿ ತಡೆ ಹಾಕಿತು. ಬಸ್ಸಿನಲ್ಲಾದರೆ ಮಾತು ಕೇಳದವರನ್ನು ಇಳಿಸಬಹುದು, ವಿಮಾನದಿಂದ ಇಳಿಸುವುದೆಲ್ಲಿಗೆ?

ಆಸ್ಪತ್ರೆಯಲ್ಲಿರುವ ತಾಯಿಯ ಸುದ್ದಿಗೆ ಕಾತರಿಸುವವನಿಗೆ ಈ ಮೌನ ಶಿಕ್ಷೆಯೇ ಸರಿ. ವೈ-ಫೈ ಇರುವ ವಿಮಾನಗಳಲ್ಲಿ ಅವನಿಗೆ ಒಂದು ಸಂದೇಶವಾದರೂ ತಲುಪೀತು. ಉಳಿದ ವಿಮಾನಗಳಲ್ಲಿ ಚಕ್ರ ನೆಲ ಮುಟ್ಟುವವರೆಗೆ ಕಾಯಬೇಕು. ಸೋಗಾನೆ–ಬೆಂಗಳೂರು ಹಾದಿಯಲ್ಲಾದರೆ ಅದು ಹೆಚ್ಚೂಕಡಿಮೆ ಒಂದು ಗಂಟೆಯ ಮಾತು.