ಶಾಸನಗಳಲ್ಲಿ 'ಆಳು'

"ಕೆಲಸಕ್ಕೆ ಆಳು ಸಿಗುದಿಲ್ಲ" ಅಂತ ಉಡುಪಿ ಕಡೆ ಹೇಳುತ್ತೇವೆ. ಇಲ್ಲಿ 'ಆಳು' ನಾಮಪದ. ಅದೇ ಕ್ರಿಯಾಪದವಾದರೆ ಅಧಿಕಾರ ನಡೆಸು ಎಂದರ್ಥ. ಹಳಗನ್ನಡದಲ್ಲಿ 'ಆಳ್' ಸೇವಕ, 'ಆಳ್ದಂ' ಒಡೆಯ! ಉದ್ಯಾವರದಲ್ಲಿ ಶಾಸನಗಳನ್ನು ಬಿಟ್ಟುಹೋದ ಆಳುಪರ ಹೆಸರನ್ನೂ ಹಲವು ವಿದ್ವಾಂಸರು ಈ ಧಾತುವಿಗೇ ಜೋಡಿಸುತ್ತಾರೆ.

ಆದರೆ ಶಾಸನದಲ್ಲಿ 'ಆಳು' ಕಂಡ ಕೂಡಲೇ ಸ್ವತಂತ್ರ ಅರಸ ಅಂತ ತಿಳಿಯಬಾರದು. ಬಾದಾಮಿ ಚಾಲುಕ್ಯರ ಶಾಸನಗಳಲ್ಲಿ ಚಕ್ರವರ್ತಿಗೆ ಸಾಮಾನ್ಯವಾಗಿ 'ಪೃಥಿವೀರಾಜ್ಯಂಗೆಯ್', ಅವನ ಕೆಳಗೆ ನಾಡು ನೋಡಿಕೊಳ್ಳುವ ಸಾಮಂತನಿಗೆ ಬರೇ 'ಆಳ್'. ವಿಜಯನಗರದ ಕಾಲದಲ್ಲಿ ಬಾರಕೂರನ್ನು 'ಆಳಿದ'ವರೂ ರಾಯರು ನೇಮಿಸಿದ ಅಧಿಕಾರಿಗಳೇ. ಅವರನ್ನು ರಾಜರೆಂದು ಬರೆದರೆ ತುಳುನಾಡಿನಲ್ಲಿ ಇಲ್ಲದ ರಾಜವಂಶ ಹುಟ್ಟಿಬಿಡುತ್ತದೆ. ಹಾಗಾಗಿ ಕ್ರಿಯಾಪದದ ಜೊತೆಗೆ, ಮೇಲಿನ ಸಾಲುಗಳಲ್ಲಿ ಚಕ್ರವರ್ತಿಯ ಹೆಸರು ಇದೆಯೇ ಅಂತಲೂ ನೋಡಬೇಕು.