ತಾಯಿಯಿಂದ ಮಗುವಿಗೆ ಎಚ್‌ಐವಿ: ತಡೆಯುವ ದಾರಿ ಇದೆ



ಎಚ್‌ಐವಿ ಎಂಬ ಹೆಸರು ಕೇಳಿದರೆ ಸಾಕು, ನಮ್ಮ ಮನೆಗಳಲ್ಲಿ ಮಾತು ನಿಂತುಬಿಡುತ್ತದೆ. ಆದರೆ ಈ ಮೌನದ ಬೆಲೆಯನ್ನು ಇನ್ನೂ ಹುಟ್ಟದ ಮಗು ತೆರಬೇಕಾಗುತ್ತದೆ. ಆದ್ದರಿಂದ ನಾವು ಈ ವಿಷಯ ತಿಳಿದಿರಬೇಕು.

ಸೋಂಕು ತಾಯಿಯಿಂದ ಮಗುವಿಗೆ ಗರ್ಭದಲ್ಲಿ, ಹೆರಿಗೆಯ ವೇಳೆ ಅಥವಾ ಎದೆಹಾಲಿನ ಮೂಲಕ ದಾಟಬಹುದು. ಚಿಕಿತ್ಸೆಯೇ ಇಲ್ಲದಿದ್ದರೆ ನೂರರಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗಲುತ್ತದೆ. ಸರಿಯಾದ ಚಿಕಿತ್ಸೆ ಸಿಕ್ಕರೆ ಅದನ್ನು ಐದಕ್ಕಿಂತ ಕೆಳಗೆ ಇಳಿಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಇದು ತಿಳಿದುಬಂದದ್ದು ಸಂಶೋಧನೆಯಿಂದ. ಅಮೆರಿಕ ಮತ್ತು ಫ್ರಾನ್ಸ್‌ನಲ್ಲಿ ತಾಯಿಗೂ ಮಗುವಿಗೂ ಜಿಡೊವುಡಿನ್ ಎಂಬ ಔಷಧಿ ಕೊಟ್ಟು ನೋಡಲಾಯಿತು. ಸೋಂಕು ಸುಮಾರು ಮೂರನೇ ಎರಡರಷ್ಟು ಇಳಿದದ್ದು 1994ರಲ್ಲಿ ಗೊತ್ತಾಯಿತು. ಆದರೆ ಆ ಚಿಕಿತ್ಸೆ ದುಬಾರಿ. 1999ರಲ್ಲಿ ಉಗಾಂಡದ ಕಂಪಾಲಾದಿಂದ ಬಡ ದೇಶಗಳಿಗೆ ಸಮಾಧಾನದ ಸುದ್ದಿ ಬಂತು: ಹೆರಿಗೆ ನೋವು ಶುರುವಾದಾಗ ತಾಯಿಗೆ ನೆವಿರಾಪಿನ್‌ನ ಒಂದು ಮಾತ್ರೆ, ಮೂರು ದಿನದೊಳಗೆ ಮಗುವಿಗೆ ಒಂದು ಬಾರಿ ಸಿರಪ್. ಹೆರಿಗೆಯ ವೇಳೆ ಜಿಡೊವುಡಿನ್ ಪಡೆದವರಿಗೆ ಹೋಲಿಸಿದರೆ ಸೋಂಕು ಹೆಚ್ಚುಕಡಿಮೆ ಅರ್ಧವಾಯಿತು.

ಆದರೆ ಒಂದೇ ಮಾತ್ರೆಯಿಂದ ತಾಯಿಯ ಆರೋಗ್ಯ ಸುಧಾರಿಸುವುದಿಲ್ಲ, ವೈರಸ್ ಆ ಔಷಧಿಗೆ ಬಗ್ಗದಂತೆಯೂ ಆಗಬಹುದು. ಹೀಗಾಗಿ 2014ರಿಂದ ಭಾರತದಲ್ಲಿ ಸೋಂಕಿರುವ ಪ್ರತಿ ಗರ್ಭಿಣಿಗೂ ಜೀವನಪೂರ್ತಿ ಎಆರ್‌ಟಿ ಚಿಕಿತ್ಸೆ ಉಚಿತವಾಗಿ ಸಿಗುತ್ತಿದೆ. ಔಷಧಿ ತಾಯಿಯ ರಕ್ತದಲ್ಲಿ ವೈರಸ್ಸನ್ನು ತೀರಾ ಕಡಿಮೆ ಮಾಡುತ್ತದೆ. ಮಗುವಿಗೆ ದಾಟುವ ಅಪಾಯವೂ ಹಾಗೆಯೇ ಇಳಿಯುತ್ತದೆ.

ನಾವು ಮಾಡಬೇಕಾದದ್ದು ಇಷ್ಟು. ತಾಯಿ ಕಾರ್ಡ್ ಮಾಡಿಸುವ ಹೊತ್ತಿಗೇ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ, ಗಂಡನೂ ಮಾಡಿಸಿಕೊಳ್ಳಲಿ. ಸೋಂಕಿದ್ದರೆ ಆಸ್ಪತ್ರೆಯಲ್ಲೇ ಹೆರಿಗೆಯಾಗಲಿ. ಮಗುವಿಗೆ ಕನಿಷ್ಠ ಆರು ವಾರ ಸಿರಪ್ ಹಾಕಬೇಕು. ಎದೆಹಾಲು ಕೊಡುವುದಾದರೆ ಮೊದಲ ಆರು ತಿಂಗಳು ಅದನ್ನು ಮಾತ್ರ ಕೊಡಿ. ಜೇನು, ಹಸುವಿನ ಹಾಲು ಬೆರೆಸಿದರೆ ಅಪಾಯ ಹೆಚ್ಚು. ತಾಯಿಯ ಮಾತ್ರೆ ಒಂದು ದಿನವೂ ತಪ್ಪಬಾರದು. ರಮಝಾನಿನಲ್ಲಿ ಗರ್ಭಿಣಿಗೆ, ಬಾಣಂತಿಗೆ ಉಪವಾಸದ ರಿಯಾಯಿತಿ ಇದೆ. ಉಪವಾಸ ಹಿಡಿಯುವವರು ವೈದ್ಯರನ್ನು ಕೇಳಿ ಮಾತ್ರೆಯನ್ನು ಸಹರಿಗೋ ಇಫ್ತಾರಿಗೋ ಹೊಂದಿಸಿಕೊಳ್ಳಲಿ. ಔಷಧಿ ಸೇವಿಸುವುದು ತವಕ್ಕುಲ್‌ಗೆ ವಿರುದ್ಧವಲ್ಲ.

ಮಗುವಿಗೆ ಆರು ವಾರಕ್ಕೆ ಮೊದಲ ಪರೀಕ್ಷೆ, ಹದಿನೆಂಟು ತಿಂಗಳಿಗೆ ಕೊನೆಯ ನಿರ್ಧಾರ. ತಾಯಿಯ ರಕ್ತದ ಪ್ರತಿಕಾಯಗಳು ಮಗುವಿನಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ ಸಾಮಾನ್ಯ ಪರೀಕ್ಷೆ ಮೊದಲೇ ಮಾಡಿದರೆ ಇಲ್ಲದ ಸೋಂಕೂ ಇದೆಯೆಂದು ತೋರಬಹುದು.

ಇನ್ನೊಂದು ಮಾತನ್ನು ಅತ್ತೆ ಮಾವಂದಿರಿಗೆ, ಗಂಡಂದಿರಿಗೆ ಹೇಳಬೇಕು. ಮೊದಲು ಪರೀಕ್ಷೆಯಾಗುವುದು ಗರ್ಭಿಣಿಗೆ. ಹಾಗಾಗಿ ಸೋಂಕು ಮೊದಲು ಗೊತ್ತಾಗುವುದೂ ಅವಳಲ್ಲೇ. ಅದು ಗಂಡನಿಂದಲೇ ಬಂದಿರಬಹುದು. ಪುರಾವೆಯಿಲ್ಲದೆ ಹೆಣ್ಣಿನ ಚಾರಿತ್ರ್ಯವನ್ನು ಶಂಕಿಸುವುದು ಪಾಪ. ಅವಳನ್ನು ತವರಿಗೆ ಅಟ್ಟಿದರೆ ಔಷಧಿ ನಿಲ್ಲುತ್ತದೆ, ಅಪಾಯ ಮಗುವಿನ ಮೇಲೆ ಬೀಳುತ್ತದೆ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಆಸ್ಪತ್ರೆಯವರು ಈ ವಿಷಯ ಗುಟ್ಟಾಗಿಡಬೇಕು, ಚಿಕಿತ್ಸೆಯಲ್ಲಿ ತಾರತಮ್ಯ ಮಾಡುವಂತಿಲ್ಲ.

2018ರಲ್ಲಿ ಮಲೇಷ್ಯಾ, 2019ರಲ್ಲಿ ಮಾಲ್ದೀವ್ಸ್ ಈ ಸೋಂಕನ್ನು ತಾಯಿಯಿಂದ ಮಗುವಿಗೆ ಹರಡದಂತೆ ತಡೆದಿವೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಮಾನ್ಯ ಮಾಡಿತು. ಮುಸ್ಲಿಮರೇ ಬಹುಸಂಖ್ಯಾತರಾದ ಆ ದೇಶಗಳಿಗೆ ಸಾಧ್ಯವಾದದ್ದು ನಮ್ಮ ಮೊಹಲ್ಲಾಗಳಿಗೂ ಸಾಧ್ಯ. ಬಸುರಿ ಇರುವ ಮನೆಯವರು ಈ ವಾರವೇ ಪರೀಕ್ಷೆ ಮಾಡಿಸಿಕೊಳ್ಳಲಿ.